ಕಡಲಲ್ಲಿ ಕಾಣೆಯಾದವರು ಮತ್ತು ಹಡಗಿನ ದೆವ್ವಗಳು

ಚನ್ನಗಿರಿ ತಾಲ್ಲೂಕಿನ ನಮ್ಮ ನಲ್ಲೂರಿಗೂ ಕಡಲಿಗೂ ನಡುವೆ ಇಡೀ ಮಲೆನಾಡು, ಅದರಾಚೆ ಘಟ್ಟ. ನಮಗೆ ಗೊತ್ತಿರುವ ದೊಡ್ಡ ನೀರೆಂದರೆ ಸೂಳೆಕೆರೆ. ಶಾಂತಿಸಾಗರ ಎಂದು ಕರೆದರೂ ಅದು ಕೆರೆಯೇ, ಆಚೆ ದಡವಿದೆ. ಅಲ್ಲಿ ಯಾರಾದರೂ ಮುಳುಗಿದರೆ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಹೆಣ ಮೇಲೆ ಬರುತ್ತದೆ. ಮನೆಯವರಿಗೆ ಅಳಲು ಒಂದು ದೇಹವಾದರೂ ಸಿಗುತ್ತದೆ. ಹೀಗೆ ಕಡಲಿನ ಪರಿಚಯವೇ ಇಲ್ಲದ ನಾವು ಹಡಗಿನ ದೆವ್ವದ ಸಿನಿಮಾಗಳನ್ನು ಮೊಬೈಲಿನಲ್ಲಿ ಕಣ್ಣು ಕೀಲಿಸಿ ನೋಡುತ್ತೇವೆ. ಅವುಗಳಲ್ಲಿ ನಮ್ಮನ್ನು ಹಿಡಿದಿಡುವುದು ಏನು? ಕಡಲಲ್ಲಿ ಕಳೆದುಹೋದವರ ಸುತ್ತ ಹೆಣೆದ ಕಥೆಯಿಂದ ಭಯದ ಸುಖ ಪಡೆಯುವುದು ಸರಿಯೆ?

ಓಡಿಹೋಗಲು ಜಾಗವಿಲ್ಲ ಎಂಬುದು ಸುಲಭದ ಉತ್ತರ. ಪಾಳುಮನೆಯಲ್ಲಿ ದೆವ್ವ ಕಂಡರೆ ಬೀದಿಗೆ ಬರಬಹುದು, ಹಡಗಿನಿಂದ ಎಲ್ಲಿಗೆ ಓಡುವುದು? ಆದರೆ ಈ ಸಿನಿಮಾಗಳು ಹೆದರಿಸುವುದರ ಜೊತೆಗೆ ಸಮಾಧಾನವನ್ನೂ ಕೊಡುತ್ತವೆ ಎಂದು ನನಗೆ ಅನ್ನಿಸುತ್ತದೆ. 2002ರ ‘ಘೋಸ್ಟ್ ಶಿಪ್’ ನೋಡಿ. ನಲವತ್ತು ವರ್ಷ ಹಿಂದೆ ಕಾಣೆಯಾಗಿದ್ದ ಪ್ರಯಾಣಿಕರ ಹಡಗೊಂದು ಮತ್ತೆ ಸಿಗುತ್ತದೆ. ಅದರಲ್ಲಿರುವ ಪುಟ್ಟ ಹುಡುಗಿಯ ಪ್ರೇತ ಆ ರಾತ್ರಿ ನಡೆದದ್ದನ್ನೆಲ್ಲ ತೋರಿಸುತ್ತದೆ: ಯಾರು ಕೊಂದರು, ಯಾವ ಆಸೆಗೆ ಕೊಂದರು. ಇಲ್ಲಿ ದೆವ್ವವೇ ಸಾಕ್ಷಿ. ಸತ್ತವರಿಗೂ ಬಾಯಿದೆ, ಅಪರಾಧಿಗೊಂದು ಮುಖವಿದೆ. ಎಷ್ಟೇ ಹೆದರಿದರೂ ಸಿನಿಮಾ ಮುಗಿಯುವ ಹೊತ್ತಿಗೆ ನಮಗೆ ಎಲ್ಲವೂ ಗೊತ್ತಾಗಿರುತ್ತದೆ.

ನಿಜವಾದ ಕಡಲು ಹೀಗೆ ಹೇಳುವುದಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಆಳಸಮುದ್ರ ಮೀನುಗಾರಿಕೆಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳ ನಂತರ ಸಂಪರ್ಕಕ್ಕೆ ಸಿಗಲಿಲ್ಲ. ಬೋಟಿನಲ್ಲಿ ಏಳು ಮಂದಿ ಇದ್ದರು. ಉಡುಪಿ ಜಿಲ್ಲೆಯ ಇಬ್ಬರು, ಉತ್ತರ ಕನ್ನಡದ ಐವರು. ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಅಪಹರಣವಾಗಿದೆ ಎಂದರು ಕೆಲವರು, ಡಿಕ್ಕಿಯಾಗಿದೆ ಎಂದರು ಇನ್ನು ಕೆಲವರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ ತೀರದಾಚೆ, ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ಪತ್ತೆಹಚ್ಚಿತು. ಏಳು ಮಂದಿ ಮಾತ್ರ ಮನೆಗೆ ಬರಲಿಲ್ಲ.

ಆ ಐದು ತಿಂಗಳು ಅವರ ಮನೆಗಳಲ್ಲಿ ಹೇಗೆ ಕಳೆದಿರಬಹುದು? ಹೆಂಡತಿ ಕುಂಕುಮ ಇಡಬೇಕೋ ಬೇಡವೋ? ತಿಥಿ ಮಾಡುವುದಾದರೆ ಯಾವ ದಿನ? ದೇಹ ಸಿಗದಿದ್ದರೆ ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಿ ಉಂಟು. ಆದರೆ ಅದಕ್ಕೆ ಮೊದಲು ‘ಹೋದರು’ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಏಳು ವರ್ಷ ಯಾರಿಗೂ ಸುದ್ದಿ ತಿಳಿಯದಿದ್ದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕು ಎನ್ನುತ್ತದೆ ನಮ್ಮ ಕಾನೂನು. 1872ರ ಸಾಕ್ಷ್ಯ ಕಾಯಿದೆಯಿಂದ ಬಂದ ನಿಯಮ ಇದು. ಕೋರ್ಟಿಗೆ ಏಳು ವರ್ಷ ಸಾಕು. ತಾಯಿಗೆ ಎಷ್ಟು ವರ್ಷ ಸಾಕೆಂದು ಯಾವ ಕಾಯಿದೆ ಹೇಳೀತು?

ಅದೇ 1872ರ ಡಿಸೆಂಬರಿನಲ್ಲಿ ‘ಮೇರಿ ಸೆಲೆಸ್ಟ್’ ಎಂಬ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಒಬ್ಬರೂ ಇಲ್ಲದೆ ತೇಲುತ್ತಿರುವುದು ಕಂಡಿತು. ಕಪ್ತಾನ, ಅವನ ಹೆಂಡತಿ, ಎರಡು ವರ್ಷದ ಮಗಳು, ಏಳು ನಾವಿಕರು, ಯಾರೂ ಮತ್ತೆ ಸಿಗಲಿಲ್ಲ. ಜೀವರಕ್ಷಕ ದೋಣಿಯೂ ಇರಲಿಲ್ಲ. 1884ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಈ ಘಟನೆಯನ್ನು ಹಿಡಿದು, ಬದುಕುಳಿದವನೊಬ್ಬನ ಹೇಳಿಕೆಯ ರೂಪದಲ್ಲಿ ಕಥೆ ಬರೆದ. ಅದರಲ್ಲಿ ಕೊಲೆಗಾರ ಬಿಳಿಯರ ಮೇಲೆ ಸೇಡು ತೀರಿಸಿಕೊಳ್ಳುವ ಒಬ್ಬ ಕರಿಯ. ಅದನ್ನು ನಿಜವೆಂದೇ ನಂಬಿದವರೂ ಇದ್ದರು. ಉತ್ತರವಿಲ್ಲದ ಪ್ರಶ್ನೆಯೊಂದಕ್ಕೆ, ಆ ಕಾಲದ ಓದುಗರು ಮೊದಲೇ ಅನುಮಾನದಿಂದ ನೋಡುತ್ತಿದ್ದ ಜನರ ಮುಖವೇ ಉತ್ತರವಾಯಿತು.

ಹಾಗಾದರೆ ಕಲ್ಪನೆಯೇ ತಪ್ಪೆ? ಹಾಗೇನೂ ಇಲ್ಲ. 2011ರ ಜೂನ್‌ನಲ್ಲಿ ‘ವಿಸ್ಡಮ್’ ಎಂಬ ಹಡಗು ಮುಂಬೈನ ಜುಹು ತೀರಕ್ಕೆ ಬಂದು ಸಿಕ್ಕಿಕೊಂಡಿತು. ಒಡೆಯಲೆಂದು ಗುಜರಾತಿನ ಅಲಂಗಿಗೆ ಎಳೆದೊಯ್ಯುತ್ತಿದ್ದ ಹಡಗು ಅದು, ಒಳಗೆ ಜನರಿರಲಿಲ್ಲ. 2020ರ ಹಿಂದಿ ಸಿನಿಮಾ ‘ಭೂತ್’ ಆ ಘಟನೆಯ ಎಳೆ ಹಿಡಿದು ಖಾಲಿ ಹಡಗಿಗೆ ದೆವ್ವವನ್ನು ಹತ್ತಿಸಿತು. ಅದರ ನಾಯಕ ನೀರಿನ ಅವಘಡದಲ್ಲಿ ಹೆಂಡತಿ, ಮಗಳನ್ನು ಕಳೆದುಕೊಂಡವನು. ಅವನ ದುಃಖವೂ ಕಲ್ಪಿತ, ದೆವ್ವವೂ ಕಲ್ಪಿತ. ಇದರಿಂದ ಯಾರ ಮನೆಯ ನೋವಿನ ಮೇಲೂ ಸುಳ್ಳು ಬೀಳಲಿಲ್ಲ, ಯಾರ ಕುಲದ ಮೇಲೂ ಕೊಲೆಯ ಕಳಂಕ ಬರಲಿಲ್ಲ.

ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ. ಸಿನಿಮಾದ ಭಯ ನಾವು ನಮ್ಮ ಮೇಲೆಯೇ ತಂದುಕೊಳ್ಳುವ ಭಯ, ಅದರಲ್ಲಿ ತಪ್ಪಿಲ್ಲ. ಆದರೆ ಎರಡು ಗಂಟೆಯಲ್ಲಿ ಉತ್ತರ ಸಿಕ್ಕೇ ಸಿಗುತ್ತದೆ ಎಂಬ ಅಭ್ಯಾಸವನ್ನು ಅದು ನಮಗೆ ಹಚ್ಚುತ್ತದೆ. ಆ ಅಭ್ಯಾಸ ನಿಜವಾಗಿ ಕಾಣೆಯಾದವರ ಸುದ್ದಿಯವರೆಗೂ ಬಂದಾಗ ತೊಂದರೆ ಶುರು. ಒಂದು ಬೋಟು ಮರಳಲಿಲ್ಲ ಎಂದರೆ ಸಾಕು, ಸಂಜೆಯೊಳಗೆ ವಾಟ್ಸಾಪಿನಲ್ಲಿ ಅಪರಾಧಿಯೂ ಸಿದ್ಧ, ಕಾರಣವೂ ಸಿದ್ಧ. ಆ ಸಂದೇಶ ಕಾಣೆಯಾದವನ ಮಗಳ ಮೊಬೈಲಿಗೂ ಹೋಗುತ್ತದೆ ಎಂಬ ಯೋಚನೆ ಕಳಿಸುವವರಿಗೆ ಬರುವುದಿಲ್ಲ.

ಸತ್ಯಕ್ಕಾಗಿ ಹುಡುಕಬೇಕು, ಸರ್ಕಾರವನ್ನು ಕೇಳಬೇಕು, ಉತ್ತರ ಬರುವ ತನಕ ಬಿಡಬಾರದು. ಅಲ್ಲಿಯವರೆಗೆ ‘ಗೊತ್ತಿಲ್ಲ’ ಎಂಬ ಮಾತನ್ನು ಸಹಿಸಿಕೊಳ್ಳುವುದೂ ಅವರಿಗೆ ತೋರುವ ಮರ್ಯಾದೆಯೇ. ಮಲ್ಪೆಯ ಆ ಕುಟುಂಬಗಳು ಐದು ತಿಂಗಳು ಸಹಿಸಿಕೊಂಡದ್ದು ಅದನ್ನೇ. ಘಟ್ಟದ ಮೇಲಿನ ನಾವು ಒಂದು ಸಂಜೆಯ ಮಟ್ಟಿಗಾದರೂ ಸಹಿಸಿಕೊಳ್ಳಬಹುದು.