ಕೂಸಿನ ಅಳುವೂ ಮೇಲ್ದರ್ಜೆಯ ಆಸನವೂ

ಹಣಕ್ಕೆ ದೊರೆಯುವ ವಸ್ತುಗಳ ಎಣಿಕೆಯು ದಿನದಿನಕ್ಕೆ ಬೆಳೆಯುತ್ತಿರುವದನ್ನು ವಾಚಕರೆಲ್ಲರೂ ಬಲ್ಲರು. ಕುಡಿಯುವ ನೀರಿಗೆ ಬೆಲೆ ಬಂದಿತು. ಸರದಿಯಲ್ಲಿ ಮುಂದೆ ನಿಲ್ಲುವದಕ್ಕೆ ಬೆಲೆ ಬಂದಿತು. ದೇವರ ದರ್ಶನವು ಬೇಗ ಆಗಬೇಕಾದರೆ ಅದಕ್ಕೂ ಬೇರೆ ಚೀಟಿ ಬಂದಿತು. ಈ ಪಂಕ್ತಿಯಲ್ಲಿ ಇದೀಗ ನಿಶ್ಶಬ್ದವೂ ಬಂದು ಕುಳಿತಿದೆ. ಮಗ್ಗುಲಲ್ಲಿದ್ದವರ ಮೌನವನ್ನು ಹಣ ತೆತ್ತು ಕೊಳ್ಳಬಹುದೋ, ಕೊಂಡವನಿಗೆ ಅದು ಹಕ್ಕಾಗಿ ಸಲ್ಲುವದೋ, ಮಾತು ತಿಳಿಯದ ಹಸುಗೂಸೊಂದು ಆ ಮೌನವನ್ನು ಕೆಡಿಸಿದರೆ ದೋಷವು ಯಾರದು,—ಎಂಬ ಪ್ರಶ್ನೆಯನ್ನು ಈ ಲೇಖದಲ್ಲಿ ವಿಚಾರಿಸತಕ್ಕದ್ದಿದೆ.

ಈ ಪ್ರಶ್ನೆಯು ಶುಷ್ಕ ತರ್ಕಕ್ಕಾಗಿ ಹುಟ್ಟಿದ್ದಲ್ಲ. ನಮ್ಮ ಚಡಚಣವು ಗಡಿಯ ಊರು. ಸೊಲ್ಲಾಪುರ, ಮಂಗಳವೇಢೆಗಳ ಕಡೆಯವರೂ ಮದುವೆಯ ಜವಳಿಗಾಗಿ ಬರುವ ಪೇಟೆ. ಹಿಂದೆ ಇಲ್ಲಿಯ ಮಕ್ಕಳು ಸೊಲ್ಲಾಪುರದ ಗಿರಣಿಗೆ ಹೋದರೆ ದೂರ ಹೋದರೆನ್ನುತ್ತಿದ್ದರು. ಈಗ ಕೆಲವರು ಅಮೇರಿಕದ ಪಶ್ಚಿಮ ತೀರದಲ್ಲಿ ಮನೆ ಮಾಡಿದ್ದಾರೆ. ಪರಿಚಯದ ಒಂದು ಮನೆಯಲ್ಲಿ ತೊಂಬತ್ತು ಮುಟ್ಟಿದ ಮುತ್ತಜ್ಜಿ ಹಾಸಿಗೆ ಹಿಡಿದಿರುವರು. ಮರಿಮಗನನ್ನು ಇನ್ನೂ ಕಣ್ಣಾರೆ ಕಂಡಿಲ್ಲ. ಮೊಮ್ಮಗನಿಗೆ ರಜೆಯಿಲ್ಲ, ಸೊಸೆಯೊಬ್ಬಳೇ ಒಂದೂವರೆ ವರ್ಷದ ಕೂಸನ್ನು ಕರೆದುಕೊಂಡು ಬರಬೇಕು. ಗಂಡನು ಅವಳಿಗೆ ಮೇಲ್ದರ್ಜೆಯ, ಅಂದರೆ ಬಿಸಿನೆಸ್ ಕ್ಲಾಸಿನ, ಆಸನ ಕಾಯ್ದಿರಿಸುವೆನೆಂದನು. ಮನೆಯ ಹಿರಿಯರು ನನ್ನನ್ನು ಕರೆದು, “ಮಾಸ್ತರ, ಒಂದು ರಾತ್ರಿಯ ಹಾಸಿಗಿಗೆ ಇಷ್ಟು ರೊಕ್ಕ ಸುರಿಯೂದು ಧರ್ಮ ಏನ್ರಿ?” ಎಂದು ಕೇಳಿದರು. ಸೊಸೆಯ ಅಂಜಿಕೆಯು ಬೇರೆ. “ಅತ್ತಿ, ಅಲ್ಲಿ ಕೂಸು ಅತ್ತರ ದೊಡ್ಡ ದೊಡ್ಡವರೆಲ್ಲ ನನ್ನ ಮಾರಿ ನೋಡ್ತಾರ, ನಾ ಬರೂದ ಬ್ಯಾಡ” ಎಂದು ಅವಳು ದೂರವಾಣಿಯಲ್ಲಿ ಹೇಳಿದಳಂತೆ. ಮಾವನಿಗೆ ಹಣದ ಚಿಂತೆ, ಸೊಸೆಗೆ ನೋಟದ ಚಿಂತೆ. ಇವೆರಡರ ನಡುವೆ ಮುದುಕಿಯ ಕಾಲವು ಕಳೆಯುತ್ತಿದೆ. ಇಂತಹ ಮನೆಗಳು ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿಯೂ ಇರುವವು.

ಮೊದಲು ಪ್ರಯಾಣದ ಸ್ವರೂಪವನ್ನು ತಿಳಿಯುವದು ಅವಶ್ಯ. ನಮ್ಮ ದೇಶದ ವಿಮಾನವು ಮುಂಬಯಿಯಿಂದ ಲಂಡನ್ನಿಗೆ ಮೊದಲ ಸಲ ಹಾರಿದ್ದು 1948ರ ಜೂನ್ 8ರಂದು. ‘ಮಲಬಾರ್ ಪ್ರಿನ್ಸೆಸ್’ ಎಂಬ ಆ ವಿಮಾನವು ಕೈರೋ, ಜಿನೀವಾಗಳಲ್ಲಿ ಇಳಿದು ಹೋಯಿತು. ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣವು 2008ರಲ್ಲಿ ತೆರೆಯಿತು. 2021ರ ಜನವರಿಯಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದಿಂದ ಹೊರಟ ಏರ್ ಇಂಡಿಯಾದ ವಿಮಾನವೊಂದು ನಡುವೆ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮೇಲಿಂದ ಹಾದು ಬೆಂಗಳೂರಿಗೆ ಬಂದಿತು. ಅದನ್ನು ನಡೆಯಿಸಿದವರೆಲ್ಲರೂ ಸ್ತ್ರೀಯರೇ ಆಗಿದ್ದರೆಂಬುದು ಅಭಿಮಾನದ ಸಂಗತಿ. ಆ ಎರಡು ಊರುಗಳ ಅಂತರ ಸುಮಾರು 14,000 ಕಿಲೋಮೀಟರು. ನೇರ ಹಾರಿದರೂ ಹದಿನಾರು ತಾಸಿಗೆ ಕಡಿಮೆಯಿಲ್ಲ. ನಡುವೆ ಇಳಿದು ಬಂದರೆ ಇಡೀ ಒಂದು ದಿನಕ್ಕೂ ಮಿಕ್ಕುವದು.

ಎರಡು ವರ್ಷ ತುಂಬದ ಕೂಸಿಗೆ ಬೇರೆ ಆಸನವಿರುವದಿಲ್ಲ. ಹೊರದೇಶದ ಪ್ರಯಾಣದಲ್ಲಿ ದೊಡ್ಡವರ ದರದ ಹತ್ತನೆಯ ಒಂದು ಪಾಲಿನಷ್ಟು ತೆತ್ತು ತಾಯಿಯ ತೊಡೆಯ ಮೇಲೆ ಕೂಡ್ರಿಸುವದು ಸಾಮಾನ್ಯ ವಾಡಿಕೆ. ಎದುರು ಗೋಡೆಗೆ ತಗುಲಿಸುವ ತೊಟ್ಟಿಲುಗಳು ಕೆಲವುಂಟು; ಆದರೆ ಅವಕ್ಕೆ ತೂಕದ, ಉದ್ದದ ಮಿತಿಯಿದೆ; ಒಂದೂವರೆ ವರ್ಷದ ಪುಷ್ಟ ಕೂಸು ಅದರಲ್ಲಿ ಹಿಡಿಸದು. ಮೇಲ್ದರ್ಜೆಯಲ್ಲಿ ಆಸನವೇ ಹಾಸಿಗೆಯಾಗುವದರಿಂದ ತಾಯಿಯು ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬಹುದು. ಇದಕ್ಕೆ ದರವು ಕೆಳದರ್ಜೆಯ ಮೂರು ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಇನ್ನು ವಿಷಯವನ್ನು ಮೂರು ಭಾಗ ಮಾಡಿ ನೋಡುವ. ಇಷ್ಟು ವೆಚ್ಚವು ಯುಕ್ತವೇ ಎಂಬುದು ಒಂದು. ಇತರ ಪ್ರಯಾಣಿಕರ ನಿದ್ರೆಗೆ ಭಂಗ ತರುವ ಅಧಿಕಾರವು ಕೂಸಿನ ತಾಯಿಗುಂಟೇ ಎಂಬುದು ಎರಡು. ಇಂತಹ ಸುಖವು ಕೂಸನ್ನು ಕೆಡಿಸುವದೇ ಎಂಬುದು ಮೂರು.

ವೆಚ್ಚದ ವಿಷಯದಲ್ಲಿ ಪೂರ್ವಪಕ್ಷವು ಹೀಗೆ: ಈ ಹಣದಿಂದ ಬಡ ವಿದ್ಯಾರ್ಥಿಯೊಬ್ಬನ ವರ್ಷದ ಓದು ನಡೆಯುವದು, ಹಾಗಿರುವಲ್ಲಿ ಹದಿನಾರು ತಾಸಿನ ಸುಖಕ್ಕಾಗಿ ಅದನ್ನು ವ್ಯಯಿಸುವದು ಅಧರ್ಮ. ಈ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂಬ ವಿಚಾರವು ಬಸವನ ಬಾಗೇವಾಡಿಯ ಈ ಸೀಮೆಯಲ್ಲಿ ರಕ್ತಗತವಾದದ್ದು. ಆದರೆ ಒಂದೇ ವಸ್ತುವು ಪಾತ್ರಭೇದದಿಂದ ಒಬ್ಬನಿಗೆ ಭೋಗವೂ ಇನ್ನೊಬ್ಬನಿಗೆ ದುಃಖನಿವಾರಣೆಯೂ ಆಗುವದು. ಗಟ್ಟಿಮುಟ್ಟಾದ ತರುಣನು ಚಕ್ಕಡಿಯಲ್ಲಿ ಮೆತ್ತೆ ಹಾಸಿಕೊಂಡು ಕುಳಿತರೆ ಅದು ವಿಲಾಸ. ಬಾಣಂತಿಗೆ ಅದೇ ಮೆತ್ತೆಯು ಅವಶ್ಯಕ. ಹನ್ನೊಂದು ಕಿಲೋ ಭಾರದ ಜೀವವನ್ನು ತೊಡೆಯ ಮೇಲಿಟ್ಟುಕೊಂಡು, ಊಟ ಶೌಚಗಳಿಗೂ ಇನ್ನೊಬ್ಬರ ಕೈ ಇಲ್ಲದೆ, ಹದಿನಾರು ತಾಸು ಕೂಡ್ರಬೇಕಾದ ಒಂಟಿ ಹೆಣ್ಣುಮಗಳಿಗೆ ಹಾಸಿಗೆಯು ಭೋಗವೆಂದು ಹೇಳಲು ನನ್ನ ನಾಲಿಗೆ ಏಳದು.

ಆದುದರಿಂದ ಇಲ್ಲಿ ಎರಡು ಪರೀಕ್ಷೆಗಳು ಸಾಕು. ಸಾಲ ಮಾಡಿಯಾಗಲಿ, ಮನೆಯ ಹಿರಿಯರ ಔಷಧವನ್ನೋ ಆಶ್ರಿತರ ಅನ್ನವನ್ನೋ ಕಡಿಮೆ ಮಾಡಿಯಾಗಲಿ ಕೊಳ್ಳಬಾರದು. ಲೋಕಕ್ಕೆ ತೋರಿಸುವದಕ್ಕಾಗಿ ಕೊಳ್ಳಬಾರದು. ಈ ಎರಡೂ ಇಲ್ಲದಿದ್ದರೆ, ಗಂಡನು ತನ್ನ ಹೆಂಡತಿಯ ಬೆನ್ನುನೋವನ್ನು ತನ್ನ ಗಳಿಕೆಯಿಂದ ಕಡಿಮೆ ಮಾಡುವದು ಗೃಹಸ್ಥಧರ್ಮವೇ ಹೊರತು ಅಪವ್ಯಯವಲ್ಲ. ದಾನದ ಮಾತೆತ್ತುವವರು ತಮ್ಮ ಮನೆಯ ಮದುವೆಯ ಮಂಟಪದ ಲೆಕ್ಕವನ್ನೂ ಆಗಲೇ ತೆಗೆಯಬೇಕು. ಸೊಸೆಯ ಆಸನದ ಹತ್ತಿರ ಬಂದಾಗ ಮಾತ್ರ ದಾನದ ನೆನಪಾಗುವದು ನ್ಯಾಯವಲ್ಲ.

ಎರಡನೆಯದೇ ನಿಜವಾಗಿ ಕಠಿಣವಾದ ಪ್ರಶ್ನೆ. ಪೂರ್ವಪಕ್ಷಿಯು ಅನ್ನುವನು: “ನಾನು ನಾಲ್ಕು ಪಟ್ಟು ಹಣ ತೆತ್ತದ್ದೇ ನಿದ್ರೆಗಾಗಿ. ಇಳಿದ ಕೂಡಲೆ ನನಗೆ ಕೆಲಸವಿದೆ. ಕೂಸು ಅತ್ತು ನನ್ನ ನಿದ್ರೆ ಕೆಟ್ಟರೆ ನನ್ನ ವಸ್ತುವನ್ನು ಕಸಿದಂತಾಯಿತು.” ಈ ವಾದಕ್ಕೆ ಮನ್ನಣೆ ಕೊಟ್ಟ ಕಂಪನಿಗಳೂ ಉಂಟು. 2011ರಲ್ಲಿ ಮಲೇಶಿಯಾ ಏರ್‌ಲೈನ್ಸಿನವರು ಕೆಲವು ವಿಮಾನಗಳ ಪ್ರಥಮ ದರ್ಜೆಯಲ್ಲಿ ಶಿಶುಗಳಿಗೆ ಪ್ರವೇಶವಿಲ್ಲವೆಂದರು. 2013ರಲ್ಲಿ ಏರ್‌ಏಶಿಯಾ ಎಕ್ಸ್ ಸಂಸ್ಥೆಯು ಮಕ್ಕಳಿಲ್ಲದ ‘ಶಾಂತ ವಲಯ’ವೊಂದನ್ನು ಏರ್ಪಡಿಸಿತು. ನಮ್ಮ ಇಂಡಿಗೋ ಸಂಸ್ಥೆಯವರು 2016ರಲ್ಲಿ ಕೆಲವು ಸಾಲುಗಳನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡುವದಿಲ್ಲವೆಂದು ಗೊತ್ತುಮಾಡಿದರು. ಜಪಾನ್ ಏರ್‌ಲೈನ್ಸಿನವರು ಆಸನಗಳ ನಕ್ಷೆಯಲ್ಲಿ ಎರಡು ವರ್ಷದೊಳಗಿನ ಕೂಸುಗಳು ಕೂಡ್ರುವ ಸ್ಥಳಕ್ಕೆ ಗುರುತು ಹಾಕಿ ತೋರಿಸುವ ಪದ್ಧತಿಯು 2019ರಲ್ಲಿ ಲೋಕದಲ್ಲೆಲ್ಲ ಚರ್ಚೆಗೆ ಬಂದಿತು.

ಇದಕ್ಕೆ ಸಮಾಧಾನವನ್ನು ನಮ್ಮ ತರ್ಕಶಾಸ್ತ್ರದ ಮೊದಲನೆಯ ಪಾಠವೇ ಒದಗಿಸುವದು. ನೈಯಾಯಿಕರ ಮತದಲ್ಲಿ ಶಬ್ದವು ಆಕಾಶದ ಗುಣ. ಆ ಆಕಾಶವಾದರೋ ಒಂದೇ, ಎಲ್ಲೆಡೆ ವ್ಯಾಪಿಸಿದ್ದು, ಹೋಳು ಮಾಡಬಾರದ್ದು. ಶಬ್ದವು ಗಾಳಿಯ ಕಂಪನವೆಂದು ಇಂದಿನ ಭೌತಶಾಸ್ತ್ರವು ಹೇಳುವದೇನೋ ನಿಜ. ಹಾಗೆ ನೋಡಿದರೂ ವಿಮಾನದೊಳಗಿನ ಗಾಳಿಯು ಒಂದೇ ಕೋಣೆಯ ಗಾಳಿ. ಎರಡು ದರ್ಜೆಗಳ ನಡುವೆ ಇಳಿಬಿಟ್ಟ ಪರದೆಯು ಆಸನವನ್ನು ವಿಂಗಡಿಸಬಲ್ಲದು, ಅನ್ನವನ್ನು ವಿಂಗಡಿಸಬಲ್ಲದು, ಶಬ್ದವನ್ನಲ್ಲ. ವಿಭಾಗಿಸಲಾಗದ್ದನ್ನು ವಿಕ್ರಯಿಸುವದೆಂತು? ನಮ್ಮ ಪೇಟೆಯಲ್ಲಿ ಇಳಕಲ್ಲ ಸೀರೆ ಕೊಂಡವಳಿಗೆ ಸೀರೆಯು ಸಲ್ಲುವದು. ಅದನ್ನು ಕಂಡವರು ಹೊಗಳಲೇಬೇಕೆಂಬ ಹಕ್ಕು ಸಲ್ಲುವದಿಲ್ಲ. ಅದರಂತೆ ಪ್ರಯಾಣಿಕನು ಕೊಂಡದ್ದು ಹಾಸಿಗೆಯನ್ನು, ನಿದ್ರೆಯನ್ನಲ್ಲ. ನಿದ್ರೆಗೆ ಅನುಕೂಲವನ್ನು ಮಾರಬಹುದು. ಇತರರ ಉಸಿರನ್ನೂ ದನಿಯನ್ನೂ ಅದರೊಡನೆ ಕಟ್ಟಿಕೊಡಲು ಬಾರದು.

ಮೇಲಾಗಿ ದೋಷವನ್ನು ಹೊರಿಸಬೇಕಾದರೆ ಕರ್ತೃವು ಬೇಕು. ತಿಳಿವು, ಇಚ್ಛೆ, ಪ್ರಯತ್ನ—ಈ ಮೂರು ಇದ್ದವನೇ ಕರ್ತೃ. ಕೂಸಿನ ಅಳುವಿನಲ್ಲಿ ಇವು ಎಲ್ಲಿವೆ? ವಿಮಾನವು ಎಷ್ಟೇ ಎತ್ತರದಲ್ಲಿ ಹಾರಲಿ, ಅದರೊಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇಟ್ಟಿರುವರು. ಇಳಿಯುವಾಗ ಒತ್ತಡವು ಏರುತ್ತ ಬರುವದು. ಕಿವಿಯ ಒಳಗನ್ನೂ ಗಂಟಲನ್ನೂ ಕೂಡಿಸುವ ನಾಳವು ತೆರೆದು ಎರಡೂ ಕಡೆಯ ಒತ್ತಡವನ್ನು ಸರಿದೂಗಿಸಬೇಕು. ದೊಡ್ಡವರು ಉಗುಳು ನುಂಗಿ ಅದನ್ನು ಸಾಧಿಸುವರು. ಕೂಸಿನ ನಾಳವು ಇಕ್ಕಟ್ಟಾದದ್ದು, ಉಪಾಯವೂ ತಿಳಿಯದು. ಕಿವಿಯು ನೋಯುವದು, ಕೂಸು ಅಳುವದು. ಕ್ಯಾಲಿಫೋರ್ನಿಯಾದ ಗಡಿಯಾರವು ನಮ್ಮದಕ್ಕಿಂತ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ತಾಸು ಹಿಂದೆ ಇರುವದರಿಂದ ಹಗಲು ರಾತ್ರಿಗಳೂ ಬುಡಮೇಲಾಗುವವು. ಇದು ಹಟವಲ್ಲ, ವೇದನೆ. ವೇದನೆಯ ದನಿಗೆ ದಂಡ ವಿಧಿಸಿದ ಶಾಸ್ತ್ರವನ್ನು ನಾನು ಓದಿಲ್ಲ.

ಇಲ್ಲಿ ಇನ್ನೊಂದು ಅಪಾಯವನ್ನು ಹೇಳಲೇಬೇಕು. ಇತರರ ನೋಟಕ್ಕೆ ಅಂಜಿದ ಕೆಲವು ತಾಯಿತಂದೆಗಳು ಕೂಸಿಗೆ ಮಂಪರು ತರುವ ನೆಗಡಿಯ ಔಷಧವನ್ನು ಕುಡಿಸುವರಂತೆ. ವೈದ್ಯರು ಇದನ್ನು ಬೇಡವೆನ್ನುವರು. ಸಣ್ಣ ಕೂಸಿನ ಉಸಿರಾಟಕ್ಕೆ ಅದರಿಂದ ಅಪಾಯವುಂಟು. ಕೆಲ ಕೂಸುಗಳಿಗೆ ನಿದ್ರೆಯ ಬದಲು ಉದ್ರೇಕವೇ ಹೆಚ್ಚುವದು. 20ನೆಯ ಶತಮಾನದ ಆದಿಯಲ್ಲಿ ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ಹಾಗೆ ಮಾಡಿಸಿದ್ದು ಹೊಟ್ಟೆಯ ಹಸಿವು. ಇಂದಿನವರಿಂದ ಮಾಡಿಸುವದು ಸಹಪ್ರಯಾಣಿಕರ ಹುಬ್ಬುಗಂಟು! ನಮ್ಮ ನಿದ್ರೆಗಾಗಿ ಪರರ ಕೂಸು ವಿಷದಂತಹದನ್ನು ಕುಡಿಯಬೇಕಾಗುವದಾದರೆ ಆ ನಿದ್ರೆಯು ನಮಗೆ ಬೇಡವೆನ್ನುವಷ್ಟು ಮನುಷ್ಯತ್ವವು ಉಳಿದಿರಬೇಕು.

ಹಾಗಾದರೆ ತಾಯಿತಂದೆಗಳಿಗೆ ಕರ್ತವ್ಯವೇ ಇಲ್ಲವೋ? ಉಂಟು. 1917ರಲ್ಲಿ ಗಾಂಧೀಜಿಯವರು ಮೂರನೆಯ ದರ್ಜೆಯ ರೈಲುಪ್ರಯಾಣವನ್ನು ಕುರಿತು ಬರೆದರು. ದಕ್ಷಿಣ ಆಫ್ರಿಕೆಯಿಂದ ಮರಳಿದ ಮೇಲಿನ ಎರಡೂವರೆ ವರ್ಷಗಳಲ್ಲಿ ಕಾಲುಭಾಗಕ್ಕೂ ಮಿಕ್ಕಿದ ಕಾಲವನ್ನು ಅವರು ಸ್ವಂತ ಇಚ್ಛೆಯಿಂದ ಆ ಡಬ್ಬಿಗಳಲ್ಲಿ ಕಳೆದಿದ್ದರು. ಅವರು ರೈಲಿನ ಅಧಿಕಾರಿಗಳನ್ನು ಮಾತ್ರ ದೂರಲಿಲ್ಲ. ಡಬ್ಬಿಯನ್ನು ಹೊಲಸು ಮಾಡುವ ಪ್ರಯಾಣಿಕರ ರೂಢಿಗಳನ್ನೂ ಅಷ್ಟೇ ನಿಷ್ಠುರವಾಗಿ ಹೇಳಿದರು. ಮೂರನೆಯ ದರ್ಜೆಯು 1974ರಲ್ಲಿ ರದ್ದಾಯಿತು. ಆ ಎರಡು ಕಡೆಯ ವಿವೇಕವು ರದ್ದಾಗಬಾರದು. ಕೂಸಿನ ಅಳು ತಾಯಿಯ ವಶದಲ್ಲಿಲ್ಲ. ವಶದಲ್ಲಿದ್ದದ್ದನ್ನು ಅವಳು ಮಾಡತಕ್ಕದ್ದು. ವಿಮಾನವು ಇಳಿಯತೊಡಗಿದಾಗ ಮೊಲೆಯನ್ನೋ ಹಾಲಿನ ಬಾಟಲಿಯನ್ನೋ ಬಾಯಿಗೆ ಕೊಡಬೇಕು. ನುಂಗಿದಂತೆ ಕಿವಿಯ ನೋವು ಇಳಿಯುವದು. ಅತ್ತಾಗ ಎತ್ತಿಕೊಂಡು ಸಾಲುಗಳ ನಡುವೆ ನಾಲ್ಕು ಹೆಜ್ಜೆ ತಿರುಗಾಡಬೇಕು. ನಡೆಯುವ ಮಗು ಮುಂದಿನ ಆಸನವನ್ನು ಒದೆಯದಂತೆ ನೋಡಬೇಕು. ಮೊಬೈಲಿನ ಆಟವನ್ನು ಕೊಟ್ಟರೆ ದನಿಯನ್ನು ಮುಚ್ಚಿ ಕೊಡಬೇಕು. ಇವುಗಳಲ್ಲಿ ಉದಾಸೀನ ಮಾಡಿ “ನಾನೂ ಹಣ ಕೊಟ್ಟಿರುವೆ” ಎನ್ನುವ ತಂದೆಯು ಮೇಲೆ ಹೇಳಿದ ಪೂರ್ವಪಕ್ಷಿಯ ಅಣ್ಣನೇ ಸರಿ. ಇಬ್ಬರೂ ಚೀಟಿಯನ್ನೇ ಧರ್ಮಶಾಸ್ತ್ರವೆಂದು ತಿಳಿದವರು.

2019ರಲ್ಲಿ ಸಿಯೋಲ್ ನಗರದಿಂದ ಸಾನ್‌ಫ್ರಾನ್ಸಿಸ್ಕೋಗೆ ಹೋಗುತ್ತಿದ್ದ ತಾಯಿಯೊಬ್ಬಳು ತನ್ನ ನಾಲ್ಕು ತಿಂಗಳ ಕೂಸಿನ ಪರವಾಗಿ ಕ್ಷಮೆಯ ಪತ್ರ, ಮಿಠಾಯಿ, ಕಿವಿಗಿಡುವ ಬಿರಡೆಗಳನ್ನು ಇನ್ನೂರಕ್ಕೂ ಹೆಚ್ಚು ಚೀಲಗಳಲ್ಲಿ ತುಂಬಿ ಪ್ರಯಾಣಿಕರಿಗೆಲ್ಲ ಹಂಚಿದಳು. ಜನರು ಅವಳನ್ನು ಮೆಚ್ಚಿದರು. ಅವಳ ವಿನಯಕ್ಕೆ ನಾನೂ ತಲೆಬಾಗುವೆನು. ಆದರೆ ಅದು ರೂಢಿಯಾಗಬಾರದು. ಸೌಜನ್ಯವು ತಾನಾಗಿ ಬಂದರೆ ಹೂವು; ಕಡ್ಡಾಯವಾದರೆ ಸುಂಕ. ಕೂಸನ್ನು ಹೆತ್ತದ್ದಕ್ಕೆ ತಾಯಿಯು ಯಾರಿಗೂ ಸುಂಕ ಕೊಡಬೇಕಾದದ್ದಿಲ್ಲ. ಮಗ್ಗುಲಿನವರಿಗೆ ಒಂದು ನಮಸ್ಕಾರ, ಒಂದು ಒಳ್ಳೆಯ ಮಾತು ಸಾಕು.

ಸೊಲ್ಲಾಪುರದ ಬಸ್ಸಿನಲ್ಲಿ ಕೂಸು ಅತ್ತರೆ ಆಗುವದನ್ನು ವಾಚಕರು ನೋಡಿರುವರು. ಒಬ್ಬಳು ಕಿಡಕಿ ತೆರೆಯುವಳು. ಒಬ್ಬಳು “ಕೊಡವ್ವಾ ಇಲ್ಲೆ” ಎಂದು ಎತ್ತಿಕೊಳ್ಳುವಳು. ಮುದುಕನೊಬ್ಬ ಚಿಟಿಕೆ ಹೊಡೆದು ಆಡಿಸುವನು. ಅಲ್ಲಿಯ ಜನರು ಹೆಚ್ಚು ಪುಣ್ಯವಂತರೆಂದಲ್ಲ. ಅಲ್ಲಿ ಯಾರೂ ಮೌನವನ್ನು ಕೊಂಡಿರುವದಿಲ್ಲ, ಆ ಕಾರಣ ಯಾರದೂ ನಷ್ಟವಾಗುವದಿಲ್ಲ. ಹೆಚ್ಚು ಹಣ ತೆತ್ತಷ್ಟು ಮಗ್ಗುಲಿನ ಮನುಷ್ಯನು ನೆರೆಯವನಾಗಿ ಕಾಣದೆ, ನಾವು ಕೊಂಡ ಸಾಮಾನಿನಲ್ಲಿಯ ಒಡಕಾಗಿ ಕಾಣತೊಡಗುವನು. ಮೇಲ್ದರ್ಜೆಯಲ್ಲಿ ಅಂಜಬೇಕಾದದ್ದು ಈ ದೃಷ್ಟಿರೋಗಕ್ಕೆ.

ಮೂರನೆಯ ಪ್ರಶ್ನೆಗೆ ಉತ್ತರವು ಚಿಕ್ಕದು. ಒಂದೂವರೆ ವರ್ಷದ ಕೂಸಿಗೆ ದರ್ಜೆಯ ಅರಿವಿಲ್ಲ. ಅದಕ್ಕೆ ತಾಯಿಯ ಮಗ್ಗುಲೇ ಮೇಲ್ದರ್ಜೆ. ನೀತಿಕಾರರೂ ಐದು ವರ್ಷದವರೆಗಿನ ಮಗುವನ್ನು ಲಾಲನೆಗೆ ಯೋಗ್ಯವೆಂದೇ ಎಣಿಸಿರುವರು. ಏಳೆಂಟು ವರ್ಷದ ಹುಡುಗನ ಮಾತು ಬೇರೆ. ಅವನು ಪರದೆಯ ಆಚೆಗೆ ಯಾರು ಕುಳಿತಿರುವರೆಂದು ಕೇಳುವನು. ಆಗ ತಂದೆಯು ಕೊಡುವ ಉತ್ತರವೂ, ನೀರು ತಂದುಕೊಟ್ಟ ಸೇವಕಿಯೊಡನೆ ತಾಯಿಯು ಆಡುವ ಮಾತಿನ ರೀತಿಯೂ ಅವನ ಪಾಠವಾಗುವವು. ಬೆನ್ನಿಗೆ ನೋವಿಲ್ಲದ ಆ ವಯಸ್ಸಿನಲ್ಲಿ ಅವನನ್ನು ಎಲ್ಲರ ಸಾಲಿನಲ್ಲಿ ಕೂಡ್ರಿಸಿ ತರುವದೇ ಒಳ್ಳೇದು.

ಹಿರಿಯರ ಪ್ರಶ್ನೆಗೆ ನಾನು ಹೇಳಿದ್ದು ಇಷ್ಟೇ: ಹಣವು ಸಾಲದ್ದಲ್ಲದಿದ್ದರೆ ಕೊಡಲಿ, ಸೊಸೆಯು ಅಂಜದೆ ಬರಲಿ. ಮನುಷ್ಯನು ಹುಟ್ಟುವಾಗಲೇ ಋಣಗಳನ್ನು ಹೊತ್ತು ಹುಟ್ಟುವನೆಂದು ಶಾಸ್ತ್ರವು ಹೇಳುವದು. ಅವುಗಳಲ್ಲಿ ನಿದ್ರೆಯ ಋಣವನ್ನು ಯಾರೂ ಬರೆದಿಟ್ಟಂತೆ ಕಾಣೆ. ಆದರೂ ನಮ್ಮಲ್ಲಿ ಪ್ರತಿಯೊಬ್ಬರೂ ಯಾರದೋ ನೂರಾರು ರಾತ್ರಿಗಳ ನಿದ್ರೆಯನ್ನು ಕೆಡಿಸಿಯೇ ದೊಡ್ಡವರಾದವರು. ಕೆಡಿಸಿಕೊಂಡವರಲ್ಲಿ ಬಹುಮಂದಿ ಈಗ ಇಲ್ಲ. ಅವರಿಗೆ ಅದನ್ನು ತಿರುಗಿ ಕೊಡುವಂತಿಲ್ಲ. ಅಪರಿಚಿತ ಕೂಸೊಂದು ನಡುರಾತ್ರಿ ನಮ್ಮ ಮಗ್ಗುಲಲ್ಲಿ ಅತ್ತಾಗ ಸಿಡುಕದೆ ಎಚ್ಚರಿದ್ದರೆ, ಆ ಹಳೆಯ ಸಾಲದಲ್ಲಿ ಒಂದು ಕಂತಾದರೂ ಸಂದಂತೆ ಆಗುವದು.