ದಂಡನೀತಿಯೂ ಆತ್ಮಸಂಯಮವೂ

ಮಾನವನು ಸ್ವಭಾವತಃ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯು ಬಹು ಪ್ರಾಚೀನವಾದುದು. ಪ್ರಭುತ್ವವು ಏಕೆ ಬೇಕಾಯಿತೆಂಬ ಪ್ರಶ್ನೆಯು ಅದರ ಬೆನ್ನಿಗೇ ಬರುತ್ತದೆ. ಆಂಗ್ಲ ತತ್ತ್ವಜ್ಞ ಥಾಮಸ್ ಹಾಬ್ಸ್ ತನ್ನ ದೇಶದ ಅಂತರ್ಯುದ್ಧದ ಹಿನ್ನೆಲೆಯಲ್ಲಿ 1651ರಲ್ಲಿ ‘ಲೆವಯಾಥನ್’ ಗ್ರಂಥವನ್ನು ಪ್ರಕಟಿಸಿ, ಪ್ರಬಲವಾದ ಪ್ರಭುತ್ವವಿಲ್ಲದೆಡೆ ಮನುಷ್ಯರು ಒಬ್ಬರ ಮೇಲೊಬ್ಬರು ಕಾದುವರೆಂದು ವಾದಿಸಿದನು. ಭಾರತೀಯ ಅರ್ಥಶಾಸ್ತ್ರಕಾರರು ಇದನ್ನೇ ಮತ್ಸ್ಯನ್ಯಾಯವೆಂದರು. ದಂಡಧರನಿಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವು ನೀಡುವ ಉತ್ತರವು ಇದಕ್ಕಿಂತ ಸೂಕ್ಷ್ಮವಾದುದು. ಕಲ್ಪವೃಕ್ಷಗಳು ಸಮೃದ್ಧವಾಗಿದ್ದ ಭೋಗಭೂಮಿಯಲ್ಲಿ ರಾಜನೂ ಇರಲಿಲ್ಲ, ದಂಡವೂ ಇರಲಿಲ್ಲ. ವೃಕ್ಷಗಳು ವಿರಳವಾದಾಗ ಮಮಕಾರವು ಮೊಳೆತು ಕಲಹ ಹುಟ್ಟಿತು. ಸೀಮಂಕರನೆಂಬ ಕುಲಕರನು ಅವುಗಳಿಗೆ ಎಲ್ಲೆಯನ್ನು ಗೊತ್ತುಪಡಿಸಬೇಕಾಯಿತು. ಮನುಷ್ಯನು ಹುಟ್ಟಿನಿಂದ ದುಷ್ಟನಲ್ಲ. ಆದರೆ ಕೊರತೆಯು ಎದುರಾದಾಗ ಅವನೊಳಗಿನ ಲೋಭವು ಎಚ್ಚರಗೊಳ್ಳುತ್ತದೆ ಎಂಬುದೇ ಇದರ ಇಂಗಿತ.

ಶಿಕ್ಷೆಯ ಕ್ರಮವೂ ಅಲ್ಲಿ ವಿಚಾರಾರ್ಹವಾಗಿದೆ. ಮೊದಲ ಐವರು ಕುಲಕರರ ಕಾಲದಲ್ಲಿ ತಪ್ಪಿತಸ್ಥನಿಗೆ ‘ಹಾ’ ಎಂಬ ವಿಷಾದದ ನುಡಿಯೊಂದೇ ಸಾಕಾಗಿತ್ತು. ಮುಂದಿನ ಐವರ ಕಾಲಕ್ಕೆ ‘ಬೇಡ’ ಎಂಬರ್ಥದ ‘ಮಾ’ ಸೇರಿತು. ಅನಂತರ ‘ಧಿಕ್’ ಎಂಬ ಧಿಕ್ಕಾರವು ಬಂದಿತು. ಭರತ ಚಕ್ರವರ್ತಿಯ ಕಾಲಕ್ಕೆ ಸೆರೆ, ವಧೆಗಳೆಂಬ ದೇಹದಂಡನೆಗಳೂ ಅನಿವಾರ್ಯವಾದವು. ಲಜ್ಜೆಯು ಕುಗ್ಗಿದಷ್ಟೂ ದಂಡವು ಬೆಳೆಯಿತು. ಒಂದು ನುಡಿಯಿಂದ ತಿದ್ದಿಕೊಳ್ಳಬಲ್ಲವನು ಹೆಚ್ಚು ಸ್ವತಂತ್ರನೇ ಹೊರತು, ಸಂಕೋಲೆಯಿಂದ ಮಾತ್ರ ತಡೆಯಬಹುದಾದವನಲ್ಲ.

ಹಾಗಾದರೆ ಪ್ರಭುತ್ವವು ಕಾನೂನಿನ ಬಲದಿಂದ ಪ್ರಜೆಗಳನ್ನು ಸದಾಚಾರಿಗಳನ್ನಾಗಿ ಮಾಡಬಲ್ಲುದೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳು 1920ರಲ್ಲಿ ಮದ್ಯದ ತಯಾರಿಕೆ, ಮಾರಾಟ ಮತ್ತು ಸಾಗಣೆಗಳನ್ನು ಸಂವಿಧಾನದ ತಿದ್ದುಪಡಿಯ ಮೂಲಕವೇ ನಿಷೇಧಿಸಿದವು. ಮೊದಲ ವರ್ಷಗಳಲ್ಲಿ ಕುಡಿತವು ಇಳಿದುದು ನಿಜ. ಆದರೆ ಬಯಕೆಯು ಅಳಿಯಲಿಲ್ಲ. ಕಳ್ಳಸಾಗಣೆಯ ತಂಡಗಳು ಬೆಳೆದವು. ಕಾಯಬೇಕಾದ ಅಧಿಕಾರಿಗಳಲ್ಲೇ ಹಲವರು ಲಂಚಕ್ಕೆ ಕೈಯೊಡ್ಡಿದರು. 1933ರಲ್ಲಿ ಮತ್ತೊಂದು ತಿದ್ದುಪಡಿಯಿಂದ ಆ ನಿಷೇಧವು ರದ್ದಾಯಿತು. ‘ಹಾ’ ಎನ್ನುವವನು ತಾನೇ ಶುದ್ಧನಾಗಿರದಿದ್ದರೆ ಕೇಳುವವನಿಗೆ ಲಜ್ಜೆಯುಂಟಾಗುವುದಿಲ್ಲ.

ಇಷ್ಟರಿಂದಲೇ ಕಾನೂನು ನಿರರ್ಥಕವೆಂದು ತೀರ್ಮಾನಿಸುವುದು ಸಲ್ಲದು. ಅಸ್ಪೃಶ್ಯತೆಯು ಭಾರತದಲ್ಲಿ ಶತಮಾನಗಳ ಕಾಲ ಉಳಿದುದು ಸಜ್ಜನರೆನಿಸಿಕೊಂಡವರ ಕಣ್ಣೆದುರಿಗೇ. ಅವರ ಅಂತಃಕರಣವು ತಾನಾಗಿ ಎಚ್ಚರಗೊಳ್ಳಲೆಂದು ನೊಂದವರು ಇನ್ನೆಷ್ಟು ತಲೆಮಾರು ಕಾಯಬೇಕಿತ್ತು? ಸಂವಿಧಾನದ 17ನೆಯ ವಿಧಿಯು ಅದನ್ನು ನಿಷೇಧಿಸಿತು. 1955ರ ಕಾಯಿದೆಯು ಅದನ್ನು ದಂಡನಾರ್ಹ ಅಪರಾಧವಾಗಿಸಿತು. ಬಾವಿಯ ಬಳಿ ತಡೆಯಲ್ಪಟ್ಟವನಿಗೆ ಮೊದಲು ಬೇಕಾದುದು ನೀರು. ತಡೆದವನ ಹೃದಯಪರಿವರ್ತನೆಯು ಆಮೇಲಿನ ಮಾತು. ಬಹಿಷ್ಕಾರದ ರೂಪದಲ್ಲಿ ‘ಧಿಕ್’ ಎಂಬುದೂ ದುರ್ಬಲರ ಮೇಲೆ ಆಯುಧವಾಗಿ ಬಳಕೆಯಾಗಿದೆಯೆಂಬುದನ್ನು ಮರೆಯಲಾಗದು.

ಆದುದರಿಂದ ಎರಡು ಕ್ಷೇತ್ರಗಳನ್ನು ವಿವೇಚಿಸಬೇಕು. ಪರಪೀಡೆಯಿರುವಲ್ಲಿ ಪ್ರಭುತ್ವವು ತಡಮಾಡಬಾರದು. ತನ್ನ ಬಯಕೆಗಳನ್ನು ಆಳುವ ಕೆಲಸವನ್ನಾದರೋ ಯಾವ ಪ್ರಭುತ್ವವೂ ಮಾಡಿಕೊಡಲಾರದು. ಈ ಎರಡೂ ಕೂಡುವ ಎಡೆಗಳುಂಟು: ಕುಡುಕನ ಮನೆಯಲ್ಲಿ ಹಸಿದ ಮಕ್ಕಳಿರುತ್ತಾರೆ. ಅಲ್ಲಿ ಕಾನೂನು ಮಕ್ಕಳನ್ನು ಕಾಪಾಡಬಲ್ಲುದು. ಕುಡುಕನ ಬಯಕೆಯನ್ನು ಗೆಲ್ಲಬೇಕಾದವನು ಅವನೇ.

ಗೃಹಸ್ಥನ ಅಣುವ್ರತಗಳಲ್ಲಿ ಒಂದಾದ ಪರಿಗ್ರಹ ಪರಿಮಾಣವು ಬೋಧಿಸುವುದು ಇದನ್ನೇ. ‘ನನಗೆ ಇಷ್ಟು ಸಾಕು’ ಎಂದು ಗೃಹಸ್ಥನು ತಾನೇ ಎಳೆದುಕೊಳ್ಳುವ ಗೆರೆಯೂ ಒಂದು ಸೀಮೆಯೇ. ಸೀಮಂಕರನು ಹಾಕಿದ ಎಲ್ಲೆಯು ಲೋಭಿಗೆ ಬಂಧನವಾಗಿ ತೋರಿದರೆ, ತಾನಾಗಿ ಹಾಕಿಕೊಂಡ ಎಲ್ಲೆಯು ಬಿಡುಗಡೆಯಾಗುತ್ತದೆ. ಹೀಗೆ ತಮ್ಮನ್ನು ತಾವು ಅಳೆದುಕೊಳ್ಳುವ ಪ್ರಜೆಗಳು ಹೆಚ್ಚಿದಷ್ಟೂ ದಂಡವು ಮತ್ತೆ ನುಡಿಯತ್ತ ಹಿಂದಿರುಗಬಹುದು.