ಬೋಗುಣಿಯ ಬಾಯಿಗೆ ಕಟ್ಟಿದ ಬಟ್ಟೆ

ಬೆಳಿಗ್ಗೆ ಏಳರ ಹೊತ್ತಿಗೆ ಹೈದರಾಬಾದಿನ ಅಮೀರ್‌ಪೇಟ್‌ನ ಮೈತ್ರಿವನಂ ಸುತ್ತಲಿನ ಗಲ್ಲಿಗಳಲ್ಲಿ ಕೋಚಿಂಗ್‌ಗೆ ಬಂದ ಹುಡುಗ ಹುಡುಗಿಯರು ಇಡ್ಲಿ ಬಂಡಿಗಳನ್ನು ಮುತ್ತಿರುತ್ತಾರೆ. ಅವರ ನಡುವೆ ನಮ್ಮ ಬೀದರ, ಕಲಬುರಗಿ, ರಾಯಚೂರು ಕಡೆಯ ಮಾತು ಕಿವಿಗೆ ಬೀಳದ ದಿನ ಕಡಿಮೆ. ಬಂಡಿಯವನು ಮುಚ್ಚಳ ಎತ್ತಿದೊಡನೆ ಭುಸ್ಸೆಂದು ಏಳುವ ಉಗಿಯ ಕಡೆ ಯಾರೂ ನೋಡುವುದಿಲ್ಲ, ಕಣ್ಣೆಲ್ಲ ತಟ್ಟೆಯ ಮೇಲೆ. ನನಗೋ ಇಡ್ಲಿಗಿಂತ ಆ ಉಗಿಯದೇ ಬೆರಗು.

ನಾವು ಬೆಳೆದದ್ದು ಇದೇ ಪೇಟೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ರೇಷನ್ ಸೀಮೆಎಣ್ಣೆಯ ಬತ್ತಿ ಸ್ಟೋವು ಒಂದೇ. ಇಡ್ಲಿ ಪಾತ್ರೆ ಇರಲಿಲ್ಲ. ಆದರೂ ನಾಗರಪಂಚಮಿಗೆ ಕುದಿಸಿದ ಕಡಬು ತಪ್ಪುತ್ತಿರಲಿಲ್ಲ. ಪಂಚಮಿಯಂದು ಒಲೆಯ ಮೇಲೆ ಹಂಚು ಇಡಬಾರದು, ಹೆಚ್ಚಬಾರದು, ಕರಿಯಬಾರದು ಎಂಬ ಕಟ್ಟಳೆ ನಮ್ಮ ಕಡೆ ಬಹಳ ಮನೆಗಳಲ್ಲಿದೆ. ಎಣ್ಣೆಯನ್ನು ಅಳೆದು ಸುರಿಯುವ ಮನೆಗೆ ಇದಕ್ಕಿಂತ ಒಳ್ಳೆಯ ಕಟ್ಟಳೆ ಬೇಕೆ? ಕೈಯಲ್ಲಿ ಕಾಸಿಲ್ಲ ಎನ್ನುವುದನ್ನು ಆ ಒಂದು ದಿನ ದೇವರ ಹೆಸರಿನಲ್ಲಿ ಹೇಳಬಹುದಿತ್ತು.

ಕಡಲೆಬೇಳೆ ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತಿತ್ತು. ಬೇಳೆಗೆ ಬೆಲ್ಲ ಕೂಡಿಸಿ ರುಬ್ಬಿದರೆ ಹೂರಣ. ಗೋಧಿ ಹಿಟ್ಟಿನ ಕಣಕವನ್ನು ಪೂರಿಯಷ್ಟಗಲ ಲಟ್ಟಿಸಿ, ನಡುವೆ ಹೂರಣವಿಟ್ಟು, ಅವ್ವ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಮಡಚಿ, ಮತ್ತೆ ಒತ್ತಿ ಮಡಚುತ್ತ ಹೋಗುತ್ತಿದ್ದಳು. ಎಲ್ಲಿಯಾದರೂ ಎಳೆಯಷ್ಟು ಬಿರುಕು ಉಳಿದರೆ ಬೆಲ್ಲವೆಲ್ಲ ಬಟ್ಟೆಯ ಪಾಲು. ಬಟ್ಟೆ ಎಂದರೆ ಅಪ್ಪನ ಹಳೆಯ ಧೋತರದ ತುಂಡು. ಬೋಗುಣಿಗೆ ಅರ್ಧ ನೀರು ಹಾಕಿ, ಬಾಯಿಗೆ ಆ ತುಂಡನ್ನು ಒದ್ದೆ ಮಾಡಿ ಬಿಗಿದು, ಅದರ ಮೇಲೆ ಕಡಬು ಜೋಡಿಸಿ, ಮೇಲೊಂದು ತಾಟು ಬೋರಲು ಹಾಕಿದರೆ ಮುಗಿಯಿತು. ನಾವು ತಾಟಿನ ಕಡೆ ಕೈ ಚಾಚಿದರೆ ಸಾಕು, “ತೆಗೀಬ್ಯಾಡ್ರೋ, ಉಗಿ ಹೋಗ್ತದ!” ಎಂದು ಗದರಿಕೆ.

ನೀರಿನೊಳಗೆ ಒಂದು ತಾಮ್ರದ ಬಣ್ಣದ ನಾಣ್ಯವೂ ಇರುತ್ತಿತ್ತು, ನಿಜಾಮರ ಕಾಲದ ಎರಡು ಪೈ. ಹೈದರಾಬಾದಿನ ಹಾಲಿ ಸಿಕ್ಕಾ ಎಂಬ ಆ ದುಡ್ಡು ಭಾರತದ ರೂಪಾಯಿಯ ಜೊತೆ ಕೆಲವು ವರ್ಷ ಓಡಾಡಿ, 1959ರಲ್ಲಿ ಚಲಾವಣೆಯಿಂದ ಪೂರ್ತಿ ಹೋಯಿತು. ಪೇಟೆಯಲ್ಲಿ ಯಾರೂ ಮುಟ್ಟದ ಆ ದುಡ್ಡು ನಮ್ಮ ಬೋಗುಣಿಯಲ್ಲಿ ದುಡಿಯುತ್ತಿತ್ತು. ನೀರು ಕುದಿಯುತ್ತಿರುವ ತನಕ ತಳದಲ್ಲಿ ಕಿಣಿಕಿಣಿ. ಸದ್ದು ನಿಂತಿತೆಂದರೆ ನೀರು ಬತ್ತಿತು, ಓಡು. ಕಡಬು ಇಳಿದ ಮೇಲೆ ಉಳಿದ ಬಿಸಿನೀರು ತುಪ್ಪದ ಜಿಡ್ಡಿನ ತಾಟು ತೊಳೆಯಲಿಕ್ಕೆ.

ಉರಿ ಮುಟ್ಟಲಿಲ್ಲ, ನೀರೂ ಮುಟ್ಟಲಿಲ್ಲ, ಹಿಟ್ಟು ಬೆಂದದ್ದು ಹೇಗೆ? ಒಂದು ಗ್ರಾಂ ನೀರನ್ನು ಮಂಜಿನ ತಣ್ಪಿನಿಂದ ಕುದಿಯ ತನಕ ತರಲು 100 ಕ್ಯಾಲೊರಿ ಶಾಖ ಸಾಕು. ಆ ಕುದಿನೀರು ಉಗಿಯಾಗಲು ಇನ್ನೂ ಸುಮಾರು 540 ಬೇಕು. ಉಷ್ಣಮಾಪಕಕ್ಕೆ ಕಾಣದ ಆ ಗಂಟನ್ನು ಹೊತ್ತು ಮೇಲೇರಿದ ಉಗಿ, ತಣ್ಣನೆಯ ಹಿಟ್ಟಿಗೆ ತಗುಲಿದ ಕೂಡಲೇ ನೀರಹನಿಯಾಗಿ ಅಷ್ಟನ್ನೂ ಅಲ್ಲೇ ಇಳಿಸಿಬಿಡುತ್ತದೆ. ಎಲ್ಲಿ ಹೆಚ್ಚು ತಣ್ಣಗಿದೆಯೋ ಅಲ್ಲಿಗೆ ಹೆಚ್ಚು. ಹಿಟ್ಟು ಉಗಿಯಷ್ಟೇ ಬಿಸಿಯಾದ ಮೇಲೆ ಕೊಡುವುದು ತಾನಾಗಿಯೇ ನಿಲ್ಲುತ್ತದೆ. ನೀರಿರುವ ತನಕ ಕಡಬು ಸೀಯುವ ಮಾತೇ ಇಲ್ಲ. ಯಾರಿಗೆ ಎಷ್ಟು ಬೇಕೆಂದು ಇಷ್ಟು ಚೆನ್ನಾಗಿ ಬಲ್ಲ ಬಡಿಸುವವರನ್ನು ನಾನು ಯಾವ ಪಂಕ್ತಿಯಲ್ಲೂ ಕಂಡಿಲ್ಲ.

ಈ ಹಬೆಯ ಅಡುಗೆ ನಮ್ಮಲ್ಲಿ ಎಷ್ಟು ಹಳೆಯದು? ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಇಲ್ಲಿನವರಿಗೆ ಹಬೆಯಲ್ಲಿ ಬೇಯಿಸುವ ಪಾತ್ರೆಯೇ ಗೊತ್ತಿಲ್ಲವೆಂದು ಬರೆದ. ಕಲ್ಯಾಣದ, ಅಂದರೆ ಬೀದರ ಜಿಲ್ಲೆಯ ಈಗಿನ ಬಸವಕಲ್ಯಾಣದ, ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಉದ್ದಿನ ಇಡ್ಡರಿಕೆ ಇದೆ, ಹಬೆಯ ಸುದ್ದಿಯಿಲ್ಲ. ಇದನ್ನೆಲ್ಲ ಕೂಡಿಸಿ ನೋಡಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ, ಇಡ್ಲಿಯ ಹಬೆ ಇಂಡೋನೇಷ್ಯಾದಿಂದ ಬಂದಿರಬಹುದೆಂದು ಊಹಿಸಿದರು. ಅಚ್ಚಯ್ಯನವರು ಇದೇ ಹೈದರಾಬಾದಿನಲ್ಲಿ ವರ್ಷಗಟ್ಟಲೆ ಎಣ್ಣೆಯ ವಿಜ್ಞಾನಿಯಾಗಿದ್ದವರು. ಎಣ್ಣೆಯ ಹಂಗೇ ಇಲ್ಲದ ತಿಂಡಿಯ ಬೆನ್ನು ಹತ್ತಿದ್ದು ತಮಾಷೆಯೇ.

ದೊಡ್ಡವರ ಮಾತು ದೊಡ್ಡದು. ಆದರೆ ಯಾತ್ರಿಕ ಹುಡುಕಿದ್ದು ಪಾತ್ರೆಯನ್ನು. ಬಾಯಿಗೆ ಬಟ್ಟೆ ಬಿಗಿದ ಬೋಗುಣಿ, ಬಟ್ಟೆ ಬಿಚ್ಚಿದ ಮೇಲೆ ಬರೀ ಬೋಗುಣಿ. ತೆಲುಗರ ಮನೆಗಳಲ್ಲಿ ಉದ್ದಿನ ಆವಿರಿ ಕುಡುಮು ಬೇಯುತ್ತಿದ್ದದ್ದೂ ಹೀಗೇ ಬಟ್ಟೆಯ ಮೇಲೆ. ಕರಾವಳಿಯವರಿಗೆ ಅರಿಶಿನದ ಎಲೆ, ಹಲಸಿನ ಎಲೆಯ ಕೊಟ್ಟೆ. ಉಂಡ ಮೇಲೆ ಅದು ತಿಪ್ಪೆಗೆ. ಅಗೆದು ತೆಗೆಯಲು, ಗ್ರಂಥದಲ್ಲಿ ಕಾಣಲು ಇದರಲ್ಲಿ ಏನು ಉಳಿದೀತು? ಅಂದಮಾತ್ರಕ್ಕೆ ಹಬೆ ಆಗಲೇ ಇತ್ತೆಂದು ನಾನು ಹಟ ಹಿಡಿಯಲಾರೆ. ಪಾತ್ರೆ ಇರಲಿಲ್ಲ, ಆದ್ದರಿಂದ ಅಡುಗೆಯೂ ಇರಲಿಲ್ಲ ಎಂಬ ಲೆಕ್ಕವನ್ನಂತೂ ನಮ್ಮ ಅವ್ವ ಒಪ್ಪುತ್ತಿರಲಿಲ್ಲ.

ಹಾಸ್ಟೆಲ್ ಬಿಟ್ಟು ಕೋಣೆ ಹಿಡಿದು, ಒಂದು ಒಲೆ ಒಂದು ಪಾತ್ರೆಯಲ್ಲಿ ಸಂಸಾರ ಹೂಡಿರುವ ನಮ್ಮ ಮಕ್ಕಳಿಗೆ ಒಂದು ಮಾತು. ಸ್ಟೀಮರ್ ಇಲ್ಲವೆಂದು ಪಂಚಮಿಯ ಕಡಬು ಬಿಡಬೇಡಿ. ಒಗೆದ ಹತ್ತಿ ಬಟ್ಟೆ ಸಾಕು, ನೀರು ಕುದಿ ಬಂದ ಮೇಲೆ ಕಾಲು ಗಂಟೆ ಸಾಕು. ಬಟ್ಟೆಯ ತುದಿಗಳನ್ನು ಮಾತ್ರ ಉರಿಗೆ ತಾಗದಂತೆ ಎತ್ತಿ ಕಟ್ಟಿರಿ.